ಚಿಮಣಿ ಕಡೆ, ತರಗುಪೇಟೆ ಕಡೆ

ಕುಮಾರ ಪಾರ್ಕ್ ವೆಸ್ಟ್, ಬೆಂಗಳೂರು
ಏಪ್ರಿಲ್ 4, ಶುಕ್ರವಾರ

ಪ್ರಸನ್ನ ಅವರಿಗೆ,

ಬಿಂದುಶ್ರೀ ಮಾಡುವ ನಮಸ್ಕಾರಗಳು. ಇಲ್ಲಿ ಅಮ್ಮ ಮತ್ತು ನಾನು ಚೆನ್ನಾಗಿದ್ದೇವೆ. ನೀವು ಹೇಗಿದ್ದೀರೆಂದು ಕೇಳುವುದಿಲ್ಲ. ವಾರ ವಾರವೂ ಟಿವಿಯಲ್ಲಿ ನಿಮ್ಮ ದನಿ ಕೇಳುತ್ತಿದ್ದೇನೆ, ಅಷ್ಟರಲ್ಲೇ ಗೊತ್ತಾಗುತ್ತದೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ವಾಟ್ಸಾಪಿನಲ್ಲಿ ಬರೆದು ಬರೆದು ಅಳಿಸಿದೆ. ನೀವು ಯಾವ ಮೆಸೇಜಿಗೂ ಹೆಬ್ಬೆರಳಿನ ಚಿತ್ರ ಕಳಿಸುವವರು. ಇದಕ್ಕೂ ಹೆಬ್ಬೆರಳು ಬಂದರೆ ನನಗೆ ತಡೆಯಲಾಗುವುದಿಲ್ಲ. ಅದಕ್ಕೇ ಕಾಗದ.

ಬುಧವಾರ ಫ್ಯಾಮಿಲಿ ಕೋರ್ಟಿನಲ್ಲಿ ನಮ್ಮ ಹೆಸರು ಕೂಗುತ್ತಾರೆ. ಅರ್ಜಿ ಹಾಕಿ ಆರು ತಿಂಗಳಾಯಿತು, ಈಗಲೂ ಬೇರೆಯಾಗುವ ಮನಸ್ಸೇ ಎಂದು ಇಬ್ಬರನ್ನೂ ಕೇಳುತ್ತಾರಂತೆ. ಇಬ್ಬರೂ ಹೌದು ಅಂದರೆ ಮುಗಿಯಿತು. ನಾನು ಹೌದು ಅನ್ನಲು ಸಿದ್ಧಳಾಗಿದ್ದೇನೆ. ಆದರೆ ಅದಕ್ಕೆ ಮುಂಚೆ ಮಾವ ತೀರಿಕೊಂಡ ದಿನದ ಒಂದು ವಿಷಯ ನಿಮಗೆ ತಿಳಿಯಬೇಕು. ತಿಳಿಸದೆ ಸಹಿ ಹಾಕಿ ಬಂದರೆ ನೀವು ಬದುಕಿರುವ ತನಕ ಒಂದು ಸುಳ್ಳನ್ನು ಹೊತ್ತುಕೊಂಡು ತಿರುಗುತ್ತೀರಿ. ತಿಳಿಸಿದರೆ, ಕೊನೇ ಗಳಿಗೆಯಲ್ಲಿ ಕನಿಕರ ಗಿಟ್ಟಿಸಲು ಬಂದಳು ಅಂದುಕೊಳ್ಳುತ್ತೀರೇನೋ. ಅಂದುಕೊಂಡರೆ ಅಂದುಕೊಳ್ಳಿ, ನನಗೀಗ ಅದರಿಂದ ನೋವಾಗುವ ಹಾಗೆ ಕಾಣುವುದಿಲ್ಲ.

ಮೊದಲಿಂದ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಗಾಂಧಿ ಬಜಾರಿನ ಹೋಟೆಲಿನಲ್ಲಿ ಕೂತು ಬೇರೆಯಾಗುವುದೆಂದು ತೀರ್ಮಾನ ಮಾಡಿದೆವಲ್ಲ, ಆ ದಿನ ನನಗೆ ಅಳು ಬರಲಿಲ್ಲ. ಕೋಪವೂ ಬರಲಿಲ್ಲ. ಖಾಲಿ ದೋಸೆ ತಿಂದೆವು, ಬೈ-ಟು ಕಾಫಿ ಹೇಳಿದೆವು. ಸಪ್ಲೈಯರ್ ಬಂದು ಬೇರೆ ಏನಾದ್ರೂ ಬೇಕಾ ಎಂದಾಗ ನೀವು ಸಾಕು ಅಂದಿರಿ. ನನಗೂ ಸಾಕೆನಿಸಿತ್ತು. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಯಾರದೋ ಕೆನ್ನೆ ಮುಟ್ಟಿದ ಹಾಗಿರುತ್ತದೆ ನೋಡಿ, ಅಂದಿನಿಂದ ನಾನು ಹಾಗೇ ಇದ್ದೇನೆ. ವಕೀಲರು ಕಾರಣ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ. ಹೊಂದಾಣಿಕೆ ಇಲ್ಲ ಎಂದು ಕೊನೆಗೆ ಅವರೇ ಬರೆದುಕೊಂಡರು.

ನಿಜವಾದ ಕಾರಣ ನಿಮ್ಮ ಗಂಟಲು. ಫುಟ್‌ಬಾಲ್ ಲೀಗಿಗೆ ಕನ್ನಡದಲ್ಲಿ ಕಾಮೆಂಟರಿ ಹೇಳುವ ಕೆಲಸ ನಿಮಗೆ ಸಿಕ್ಕಿದಾಗ ನಾನೇ ಬೀದಿಗೆಲ್ಲ ಮೈಸೂರು ಪಾಕು ಹಂಚಿದ್ದೆ. ಆಮೇಲೆ ಶುರುವಾಯಿತು. ಪಂದ್ಯದ ಹಿಂದಿನ ದಿನ ಮಾತಾಡಬಾರದು, ಉಪ್ಪು ನೀರು ಮುಕ್ಕಳಿಸಬೇಕು, ಕತ್ತಿಗೆ ಮಫ್ಲರು. ಸಾರಿಗೆ ಹುಳಿ ಸಾಕಾ ಎಂದರೆ ಕೈಸನ್ನೆ. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ ಪಂದ್ಯವಿಲ್ಲದ ದಿನವೂ ಕೈಸನ್ನೆ, ಸೀಸನ್ ಮುಗಿದ ಮೇಲೂ ಕೈಸನ್ನೆ. ತೊಂಬತ್ತು ನಿಮಿಷ ಊರಿಗೆಲ್ಲ ಮಾತಾಡುವ ಮನುಷ್ಯ, ಮನೆಗೆ ಬಂದರೆ ಚಪ್ಪಲಿಯ ಜೊತೆಗೆ ಮಾತನ್ನೂ ಬಾಗಿಲಲ್ಲೇ ಬಿಡುತ್ತಿದ್ದಿರಿ. ಒಂದು ದಿನ ನಾನೂ ಮಾತು ನಿಲ್ಲಿಸಿ ನೋಡಿದೆ. ನಿಲ್ಲಿಸಿದ್ದು ನಿಮಗೆ ಗೊತ್ತೇ ಆಗಲಿಲ್ಲ.

ಇರಲಿ. ನಾನು ಬರೆಯಬೇಕೆಂದಿರುವುದು ಅದನ್ನಲ್ಲ.

ಅರ್ಜಿ ಹಾಕಿದ ಮರುವಾರ ಲೀಗಿನ ಮೊದಲ ಪಂದ್ಯವಿತ್ತು. ಶಾಲೆಯಿಂದ ಬಂದು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಚಾಮರಾಜಪೇಟೆಯಿಂದ ಮಾವ ಫೋನ್ ಮಾಡಿದರು.

"ಬಿಂದು, ಟಿವಿ ಹಿಂದಿ ಮಾತಾಡ್ತಾ ಐತೆ ಕಣಮ್ಮ. ಪ್ರಸನ್ನ ಆಗ್ಲೇ ಸ್ಟುಡಿಯೋಗೆ ಹೋದ. ಬಂದು ಕನ್ನಡ ಮಾಡ್ಕೊಟ್ಟು ಹೋಗು."

ಪಕ್ಕದ ಮನೆಯ ಚೂಡಾಮಣಿ ಆಂಟಿಯನ್ನು ಕರೆಯಿರಿ ಅಂದೆ. "ಆಯಮ್ಮ ಬಂದಿತ್ತು. ಒತ್ತಿ ಒತ್ತಿ ಅಡುಗೆ ಚಾನೆಲ್ ತಂದಿಕ್ಕಿ ಹೋಯ್ತು. ಈಗ ಯಾವನೋ ಪಲಾವು ಮಾಡ್ತಾವ್ನೆ," ಅಂದರು.

ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ನುಂಗಿಕೊಂಡ ಮೇಲೆ ಅವರಿಗೆ ರಿಮೋಟು ಕೈಯಲ್ಲಿದ್ದೂ ಇಲ್ಲದ ಹಾಗೆ. ಸದ್ದು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಭಾಷೆ ಬದಲಿಸಬೇಕಾದರೆ ಪರದೆಯ ಮೇಲೆ ಬರುವ ಹೆಸರುಗಳನ್ನು ಓದಿ ಆರಿಸಬೇಕು. ಆ ಮನೆಯ ಕಡೆ ತಲೆ ಹಾಕಬೇಡಿ, ಬೇರೆ ಬೇರೆ ಇದ್ದೀರೆಂದು ಕೋರ್ಟಿಗೆ ಕಾಣಬೇಕು ಎಂದು ವಕೀಲರು ಹೇಳಿದ್ದರು. ಆದರೂ ಆಟೋ ಹತ್ತಿದೆ. ನನ್ನ ಹತ್ತಿರ ಇದ್ದ ಹಿತ್ತಲ ಬಾಗಿಲಿನ ಬೀಗದ ಕೈಯನ್ನು ನೀವು ವಾಪಸ್ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಒಳಗೆ ಹೋಗಿ ಕನ್ನಡ ಮಾಡಿದೆ. ನಿಮ್ಮ ದನಿ ಬಂತು. ಮಾವ ಕುರ್ಚಿಯ ಕೈ ಮೇಲೆ ಎರಡು ಸಲ ತಟ್ಟಿ, "ಬಂದ ನೋಡು ನನ್ ಮಗ," ಅಂದರು. ನಾನು ಹೊರಡಲು ಎದ್ದಾಗ, "ಕಾಫಿ ಕುಡ್ದು ಹೋಗಮ್ಮ," ಅಂದರು. ಆ ಕಾಫಿ ಮಾಡಬೇಕಾದವಳೂ ನಾನೇ ಅಲ್ಲವೇ. ಮಾಡಿದೆ, ಕೂತೆ, ನಿಮ್ಮ ಪಂದ್ಯ ನೋಡಿದೆ. ಮದುವೆಯಾದಾಗಿನಿಂದ ನಾನು ಪೂರ್ತಿ ನೋಡಿದ ಮೊದಲ ಫುಟ್‌ಬಾಲ್ ಪಂದ್ಯ ಅದು.

ಅವತ್ತೇ ಅಲ್ಲವೇ ನೀವು ಆ ಎಡವಟ್ಟು ಮಾಡಿದ್ದು. ಪಂದ್ಯ ನಡೆಯುತ್ತಿದ್ದದ್ದು ಕೊಲ್ಕತ್ತದಲ್ಲಿ. ನಮ್ಮೂರ ತಂಡದ ಲಿಖಿತ್ ಚೆಂಡು ತೆಗೆದುಕೊಂಡು ಓಡುತ್ತಿದ್ದ. ನೀವು ಉಸಿರು ಬಿಡದೆ, "ಲಿಖಿತ್ ಒಬ್ಬನೇ, ಚೆಂಡು ಚಿಮಣಿ ಕಡೆಗೆ, ಇನ್ನೂ ಚಿಮಣಿ ಕಡೆಗೆ," ಎಂದುಬಿಟ್ಟಿರಿ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತಂಡದವನು ಗೋಲಿನ ಮೇಲಿಂದ ಒದ್ದ ಚೆಂಡು ನಿಮ್ಮ ಬಾಯಲ್ಲಿ ನಮ್ಮೂರ ತರಗುಪೇಟೆಗೇ ಹೋಯಿತು. ಮರುದಿನ ಫೋನು ತೆಗೆದರೆ ಅದೇ ತಮಾಷೆ. ಕೊಲ್ಕತ್ತದಲ್ಲಿ ಒದ್ದ ಚೆಂಡು ತರಗುಪೇಟೆಯ ಬೇಳೆ ಮೂಟೆ ಮೇಲೆ ಬಿದ್ದಿರುವ ಚಿತ್ರವನ್ನು ಯಾರೋ ಮಾಡಿ ಹಾಕಿದ್ದರು. ನಮ್ಮ ಸ್ಟಾಫ್ ರೂಮಿನಲ್ಲೂ ಅದನ್ನು ತೋರಿಸಿ ನಕ್ಕರು. ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಮಾವ ಬಟ್ಟೆ ಮಿಲ್ಲಿನ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿ ಆ ಮೈದಾನದ ಒಂದು ಗೋಲಿನ ಹಿಂದೆ ಮಿಲ್ಲಿನ ಚಿಮಣಿ, ಇನ್ನೊಂದರ ಹಿಂದೆ ತರಗುಪೇಟೆಗೆ ಹೋಗುವ ದಾರಿ. ಅವರಿಗೆ ಜಗತ್ತಿನ ಎಲ್ಲ ಮೈದಾನಗಳೂ ಅದೇ. ಕಣ್ಣು ಹೋದ ಹೊಸದರಲ್ಲಿ ನೀವು ಪಕ್ಕದಲ್ಲಿ ಕೂತು ಪಂದ್ಯ ವಿವರಿಸುವಾಗ ಅವರು ಬೈದದ್ದು ನನಗೆ ನೆನಪಿದೆ. "ಎಡ ಬಲ ಅನ್ಬೇಡ ಕಣೋ, ಯಾರ ಎಡ, ಯಾರ ಬಲ? ಚಿಮಣಿ ಕಡೆಗಾ, ತರಗುಪೇಟೆ ಕಡೆಗಾ, ಅದನ್ನೇಳು." ಪರದೆಯ ಬಲಗಡೆ ಚಿಮಣಿ, ಎಡಗಡೆ ತರಗುಪೇಟೆ ಎಂದು ಅಂದೇ ಗೊತ್ತು ಮಾಡಿಕೊಂಡಿರಿ. ಆ ದಿನಗಳಲ್ಲಿ ನೀವು ಅವರಿಗಾದರೂ ಮಾತಾಡುತ್ತಿದ್ದಿರಿ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಹೇಳಿಬಿಡುತ್ತೇನೆ.

ನಿಮ್ಮ ಪ್ರೊಡ್ಯೂಸರು ಕರೆದು ಉಗಿದರೆಂದು ಮಾವ ಹೇಳಿದರು. ಟಿವಿ ನೋಡುವವರಿಗೆ ಕಣ್ಣಿರುತ್ತದೆ, ನೀವು ರೇಡಿಯೋದವರ ಹಾಗೆ ಎಲ್ಲವನ್ನೂ ಹೇಳುವುದೇಕೆ, ಇನ್ನೊಂದು ಸಲ ಚಿಮಣಿ ಗಿಮಣಿ ಅಂದರೆ ಬೇರೆಯವರನ್ನು ಹುಡುಕುತ್ತೇವೆ ಅಂದರಂತೆ. ಆಮೇಲೆ ನೀವು ಆ ಎರಡು ಮಾತು ಬಿಟ್ಟಿರಿ. ಆದರೆ ಉಳಿದದ್ದನ್ನು ಬಿಡಲಿಲ್ಲ. ಹುಲ್ಲು ಒದ್ದೆಯಾಗಿದೆ, ಗೋಲ್ ಕೀಪರ್ ಕೈಗವಸನ್ನು ಅಂಗಿಗೆ ಒರೆಸಿಕೊಂಡ, ರೆಫ್ರಿ ಜೇಬಿಗೆ ಕೈ ಹಾಕಿದರೂ ಕಾರ್ಡು ತೆಗೆಯಲಿಲ್ಲ. ಕಣ್ಣಿರುವವರಿಗೆ ಬೇಡದ ಮಾತುಗಳೆಲ್ಲ ಆ ಒಂದು ಕುರ್ಚಿಗೆ ಬರುತ್ತಿದ್ದವು.

ದಿಕ್ಕನ್ನು ನಾನು ಸೇರಿಸುತ್ತಿದ್ದೆ.

ಹೌದು, ಎರಡನೇ ಪಂದ್ಯದ ದಿನವೂ ಟಿವಿ ಹಿಂದಿಯಲ್ಲಿತ್ತು. ಮೂರನೆಯದರಲ್ಲೂ. ನಮ್ಮೂರಿನ ಪಂದ್ಯವಿರಲಿ, ಹೊರಗಿನದಿರಲಿ, ಕಾಮೆಂಟರಿ ಹೇಳಲು ನೀವು ಹೋಗುತ್ತಿದ್ದದ್ದು ಅದೇ ಸ್ಟುಡಿಯೋಗೆ. ನೀವು ಹೊರಟ ಮೇಲೆ ಮಾವ ಟಿವಿ ಹಾಕಿಕೊಳ್ಳುವುದು, ಅದು ಹಿಂದಿ ಮಾತಾಡುವುದು, ನನಗೆ ಫೋನು ಬರುವುದು. ಕರೆಂಟು ಹೋಗಿ ಬಂದಾಗಲೆಲ್ಲ ಬಾಕ್ಸು ಹಿಂದಿಗೆ ತಿರುಗುತ್ತದೆಂದು ಅವರ ವಾದ. ನಾನು ಕೇಬಲ್ಲಿನ ಮಂಜುನಾಥನನ್ನು ಕರೆಸಿದೆ. "ಬಾಕ್ಸ್ ಏನೂ ಆಗಿಲ್ಲ ಮೇಡಂ. ಒಂದ್ಸಲ ಕನ್ನಡ ಇಟ್ರೆ ಕನ್ನಡದಲ್ಲೇ ಇರುತ್ತೆ," ಎಂದು ಹೇಳಿ ಹೋದ. ಕೇಬಲ್ಲಿನವರ ಮಾತು ಯಾರು ನಂಬುತ್ತಾರೆ. ಮಾವನೇ ಚೂಡಾಮಣಿ ಆಂಟಿ ಕೈಯಲ್ಲಿ ಹಿಂದಿ ಮಾಡಿಸುತ್ತಿದ್ದಾರೇನೋ ಎಂದು ಅನುಮಾನವೂ ಬಂತು. ಕೇಳಿಯೇಬಿಟ್ಟೆ. "ನನ್ ಮಗನ್ ದನಿ ಬಿಟ್ಟು ನಾನ್ಯಾಕಮ್ಮ ಹಿಂದಿ ಹಾಕ್ಲಿ," ಎಂದು ನೊಂದುಕೊಂಡರು. ಆಂಟಿಗಂತೂ ಅಡುಗೆ ಚಾನೆಲ್ ಬಿಟ್ಟರೆ ಬೇರೇನೂ ಬರುವುದಿಲ್ಲ. ಆಮೇಲೆ ನಾನು ಕಾರಣ ಹುಡುಕುವುದನ್ನು ಬಿಟ್ಟೆ. ಪಂದ್ಯದ ದಿನ ಫೋನು ಬರುವ ಮುಂಚೆಯೇ ಹೊರಟಿರುತ್ತಿದ್ದೆ. ನೀವು ಬರುವಷ್ಟರಲ್ಲಿ ಲೋಟ ತೊಳೆದಿಟ್ಟು ಹಿತ್ತಲಿನಿಂದ ಹೋಗಿಬಿಡುತ್ತಿದ್ದೆ. ನಾನು ಬಂದುಹೋಗುತ್ತಿದ್ದದ್ದು ನಿಮಗೆ ಗೊತ್ತಾಗಬಾರದೆಂದು ಮಾವನಿಂದ ಮಾತು ತೆಗೆದುಕೊಂಡಿದ್ದೆ. ಆಂಟಿಯಿಂದಲೂ.

ಹೀಗೆ ಆ ಸೀಸನ್ ನಡೆಯಿತು. ನೀವು ಸ್ಟುಡಿಯೋದಿಂದ, "ಅಮರ್ ಎದೆಯಿಂದ ಚೆಂಡು ಇಳಿಸಿಕೊಂಡ, ತಿರುಗಿದ," ಅನ್ನುವಿರಿ. ಮಾವ ತಲೆ ಓರೆ ಮಾಡಿ, "ಯಾವ ಕಡೆ?" ಅನ್ನುವರು. ನಾನು, "ಚಿಮಣಿ ಕಡೆ ಮಾವ," ಅನ್ನುವೆ. ಅರ್ಧ ಆಟ ಮುಗಿದು ಮತ್ತೆ ಶುರುವಾದಾಗ ತಪ್ಪದೆ ಒಂದು ಪ್ರಶ್ನೆ: "ಕಡೆ ಬದಲಾಯಿಸಿದ್ರಾ?" ಬದಲಾಯಿಸಿದರು ಎಂದು ನಾನು ಹೇಳಿದ ಮೇಲೆಯೇ ಅವರ ತಲೆಯೊಳಗಿನ ಮೈದಾನದಲ್ಲಿ ಆಟಗಾರರು ಆಚೆಯಿಂದ ಈಚೆಗೆ ಬರುತ್ತಿದ್ದರು. ಗೋಲಾದರೆ ಕುರ್ಚಿಯ ಕೈ ಮೇಲೆ ಎರಡು ಸಲ ತಟ್ಟುವರು. ನಾವಿಬ್ಬರು ಒಂದೇ ಮನೆಯಲ್ಲಿದ್ದಾಗ ಒಂದು ವಾಕ್ಯವನ್ನೂ ಕೂಡಿ ಆಡಲಿಲ್ಲ. ಬೇರೆಯಾದ ಮೇಲೆ ಪ್ರತಿ ಪಂದ್ಯದಲ್ಲೂ ಅರ್ಧ ವಾಕ್ಯ ನಿಮ್ಮದು, ಅರ್ಧ ನನ್ನದು.

ಇದರಿಂದ ನನಗೆ ಸಂತೋಷವಾಗುತ್ತಿತ್ತೆಂದು ತಿಳಿಯಬೇಡಿ. ಏನೂ ಆಗುತ್ತಿರಲಿಲ್ಲ. ನಮ್ಮೂರ ತಂಡವೂ ನನ್ನ ಹಾಗೇ ಇತ್ತು. ಮೊದಲ ಎರಡು ಪಂದ್ಯ ಗೆದ್ದಿತು. ನವೆಂಬರಿನಲ್ಲಿ ಲಿಖಿತನ ಮಂಡಿ ಹೋಯಿತು. ಅಲ್ಲಿಂದ ಡ್ರಾ, ಸೋಲು, ಡ್ರಾ. ಹೊಸ ವರ್ಷಕ್ಕೆ ಕೋಚ್ ಬದಲಾದರು, ಮತ್ತೆ ಡ್ರಾ. ಮೇಲೆ ಹೋಗಿ ಕಪ್ಪಿಗೆ ಆಡುವ ಹಾಗಿಲ್ಲ, ಕೆಳಗೆ ಬಿದ್ದು ಲೀಗಿನಿಂದ ಹೊರಗೆ ಹೋಗುವ ಹಾಗೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಆ ತಂಡಕ್ಕೆ ಆಡಲು ಕಾರಣವೇ ಉಳಿದಿರಲಿಲ್ಲ, ಆದರೂ ವಾರ ವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ನಾನೂ ಹಾಗೆಯೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಶಾಲೆಗೆ ಹೋಗಿ ಮಕ್ಕಳಿಗೆ ಬೀಜಗಣಿತ ಹೇಳಿ ಬರುತ್ತಿದ್ದೆ.

ಮಾವ ಒಂದು ಸಲವೂ ಕೋರ್ಟಿನ ವಿಷಯ ಎತ್ತಲಿಲ್ಲ. ಒಂದೇ ಒಂದು ದಿನ, ಸೊನ್ನೆ-ಸೊನ್ನೆಯಲ್ಲಿ ಮುಗಿದ ಪಂದ್ಯಕ್ಕೆ ನಾನು ಸಿಡುಕಿದೆ. ಇಷ್ಟು ಹೊತ್ತು ಓಡಿದ್ದಕ್ಕೆ ಏನು ಬಂತು ಅಂದೆ. "ಡ್ರಾ ಆದ್ರೂ ಒಂದು ಪಾಯಿಂಟ್ ಕೊಡ್ತಾರೆ ಕಣಮ್ಮ, ಇಬ್ಬರಿಗೂ," ಅಂದರು. ಅದು ಲೀಗಿನ ನಿಯಮ ಮಾತ್ರವೋ, ಇನ್ನೇನಾದರೂ ಹೇಳುತ್ತಿದ್ದರೋ ನಾನು ಕೇಳಲಿಲ್ಲ.

ಈಗ ಫೆಬ್ರವರಿಯ ಆ ಭಾನುವಾರ. ಗುವಾಹಟಿಯ ಪಂದ್ಯ. ನಾನು ಬೇಗ ಹೋಗಿ ಕನ್ನಡ ಮಾಡಿಟ್ಟು ಕಡ್ಲೆಪುರಿಗೆ ಒಗ್ಗರಣೆ ಹಾಕಿದೆ. ಮಾವ ನಿಮ್ಮ ಹಳೆಯ ಸ್ವೆಟರ್ ಹಾಕಿಕೊಂಡಿದ್ದರು. ಗುವಾಹಟಿಯಲ್ಲಿ ಚಳಿ ಎಂದು ನೀವು ಹೇಳಿದ್ದಿರಂತೆ, ಅದಕ್ಕೆ ಚಾಮರಾಜಪೇಟೆಯಲ್ಲಿ ಅವರು ಸ್ವೆಟರ್ ಹಾಕಿದ್ದರು. ಬೆಳಗ್ಗೆಯಿಂದ ಸ್ವಲ್ಪ ಎದೆ ಹಿಡಿದ ಹಾಗಿದೆ, ಗ್ಯಾಸು ಅಂದರು. ಚೂಡಾಮಣಿ ಆಂಟಿ ಅಷ್ಟು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರಲ್ಲವೇ, ಬಿ.ಪಿ. ನೋಡಿ, ಬೆಳಗ್ಗೆ ಡಾಕ್ಟರ ಹತ್ತಿರ ಹೋಗೋಣ ಅಂದಿದ್ದರು. ಅರ್ಧ ಆಟ ಮುಗಿದು ಎರಡನೆಯದು ಶುರುವಾಯಿತು.

"ಕಡೆ ಬದಲಾಯಿಸಿದ್ರಾ?" ಅಂದರು.

"ಹೂಂ ಮಾವ. ಈಗ ನಮ್ಮೋರು ತರಗುಪೇಟೆ ಕಡೆಗೆ."

"ಹಂಗಾದ್ರೆ ಗಾಳಿ ನಮ್ ಕಡೆ," ಅಂದರು.

ಮಿಲ್ಲಿನ ಮೈದಾನದಲ್ಲಿ ಸಂಜೆ ಗಾಳಿ ಚಿಮಣಿ ಕಡೆಯಿಂದ ಬೀಸುತ್ತಿತ್ತಂತೆ. ಅದೇ ಅವರ ಕೊನೆಯ ಮಾತು. ಆಮೇಲೆ ಒರಗಿಕೊಂಡರು. ಒಮ್ಮೊಮ್ಮೆ ಹಾಗೆಯೇ ಕಣ್ಣು ಮುಚ್ಚಿ ಕೇಳುವುದು ಅವರ ಅಭ್ಯಾಸ, ನಾನೇನೂ ಅಂದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಮರ್ ಗೋಲು ಹೊಡೆದ. ನೀವು ಅದನ್ನು ಎಷ್ಟು ಚೆನ್ನಾಗಿ ಹೇಳಿದಿರಿ. ಚೆಂಡು ಕಂಬದ ಒಳಮೈಗೆ ತಾಗಿದ ಸದ್ದನ್ನೂ ಹೇಳಿದಿರಿ. ಕುರ್ಚಿಯ ಕೈ ಮೇಲೆ ತಟ್ಟಿದ ಸದ್ದು ಮಾತ್ರ ಬರಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಆದರೂ ಅವರನ್ನು ಕೂಗಿದೆ, ಮುಟ್ಟಿದೆ, ಓಡಿಹೋಗಿ ಆಂಟಿಯನ್ನು ಕರೆತಂದೆ. ಆಂಟಿ ಕೈ ಹಿಡಿದು, ಎದೆಗೆ ಕಿವಿಯಿಟ್ಟು, ಕಣ್ಣು ಬಿಡಿಸಿ ನೋಡಿ, "ಹೋಗ್ಬಿಟ್ರು ಕಣೇ. ನಿದ್ದೇಲಿ ಹೋದಂಗೆ ಹೋಗವ್ರೆ," ಅಂದರು.

ಆಂಟಿ ಟಿವಿ ಆರಿಸಲು ಹೋದರು. ನಾನು ತಡೆದೆ. "ಇರ್ಲಿ ಆಂಟಿ. ಅವ್ರು ಅಪ್ಪನ ಹತ್ರ ಮಾತಾಡ್ತಿದಾರೆ. ಮುಗೀಲಿ," ಅಂದೆ. ಕಾಮೆಂಟರಿ ಕೋಣೆಗೆ ನೀವು ಫೋನು ಒಯ್ಯುವುದಿಲ್ಲ. ಚಾನೆಲ್ಲಿನವರಿಗೆ ಫೋನು ಮಾಡಿ ನಿಮ್ಮನ್ನು ನಡುವೆ ಎಬ್ಬಿಸಬಹುದಿತ್ತು. ಎಬ್ಬಿಸಿದ್ದರೆ ನೀವು ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ಆಂಟಿ ಬಾಗಿಲ ಹತ್ತಿರ ಕೂತರು. ನೀವು ಕೊನೆಯ ಸೀಟಿಯವರೆಗೂ ಹೇಳಿದಿರಿ. ಆಟಗಾರರು ಕೈ ಕುಲುಕುತ್ತಿದ್ದಾರೆ, ಮಂಜು ಇಳಿಯುತ್ತಿದೆ, ದೀಪಗಳು ಮಬ್ಬಾಗಿವೆ ಅಂದಿರಿ. ನಮಸ್ಕಾರ ಅಂದಿರಿ. ಆಗ ನಾನೇ ಆರಿಸಿದೆ.

ಆಮೇಲೆ ಆಂಟಿ ನನ್ನನ್ನು ಹೊರಡಿಸಿದರು. "ನೀನಿಲ್ಲಿದ್ರೆ ನಿಮ್ ಸಂಬಂಧದೋರು ಒಂದಕ್ಕೆ ಹತ್ತು ಸೇರಿಸ್ತಾರೆ. ಬಿಟ್ಟೋದೋಳು ಹೆಣದ ಮುಂದೆ ಕೂತ್ಕೊಂಡು ಟಿವಿ ನೋಡ್ತಿದ್ಲು ಅಂತಾರೆ. ಕೋರ್ಟಿಂದು ಬೇರೆ ಐತೆ. ನಾನೇ ಮೊದ್ಲು ನೋಡಿದ್ದು ಅಂತ ಹೇಳ್ತೀನಿ, ಹೋಗು." ಯೋಚಿಸಲು ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಹೋಗು ಅಂದರು, ಹೋದೆ. ಬೀದಿ ಕೊನೆಯ ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಜನ ಸೇರಿದ ಮೇಲೆ, ಸುದ್ದಿ ಕೇಳಿ ಬಂದವಳ ಹಾಗೆ ಮುಂಬಾಗಿಲಿನಿಂದ ಬಂದೆ. ಯಾರೋ ಹಾಲ್‌ನಿಂದ ಟಿವಿಯ ವೈರು ಕಿತ್ತು ಅದನ್ನು ಒಳಕೋಣೆಗೆ ಸಾಗಿಸಿ ಜಾಗ ಮಾಡಿದ್ದರು. ಬುದ್ಧನ ಫೋಟೊದ ಕೆಳಗೆ ಮಾವನನ್ನು ಮಲಗಿಸಿದ್ದರು. ನೀವು ಬಾಗಿಲಲ್ಲಿ ನಿಂತಿದ್ದಿರಿ. ಅಷ್ಟು ಜನರಲ್ಲಿ ನನ್ನ ಹತ್ತಿರ ಬಂದು ಕೇಳಿದಿರಿ, "ಯಾವಾಗ ಬಂದೆ?"

"ಈಗ," ಅಂದೆ.

ನೀವು ಮುಖ ತಿರುಗಿಸಿ ಆ ಕಡೆ ಹೋದಿರಿ. ಬಂದವರನ್ನೆಲ್ಲ ಕೇಳುವ ಹಾಗೆ ಕೇಳಿದ್ದೀರಿ ಅಂದುಕೊಂಡೆ.

ಮೂರನೇ ದಿನ ಹಾಲು ತುಪ್ಪ ಬಿಡುವಾಗ ಸ್ಮಶಾನದಲ್ಲಿ ನಿಮ್ಮ ಹಿಂದೆಯೇ ನಿಂತಿದ್ದೆ. ಪಕ್ಕದವರಿಗೆ ನೀವು ಹೇಳುತ್ತಿದ್ದಿರಿ: "ಅಪ್ಪ ಒಬ್ರೇ ಹೋದ್ರು. ನಾನು ಖಾಲಿ ಮನೆಗೆ ಮಾತಾಡ್ತಿದ್ದೆ." ಅಳದೆ, ಸ್ಕೋರು ಹೇಳುವ ಹಾಗೆ ಹೇಳಿದಿರಿ. ಅವತ್ತೇ ನಾನು ಬಾಯಿ ಬಿಡಬೇಕಿತ್ತು.

ಅಂದಿನಿಂದ ನಿಮ್ಮ ಕಾಮೆಂಟರಿ ಕೇಳುತ್ತಿದ್ದೇನೆ, ಇಲ್ಲಿ ಅಮ್ಮನ ಮನೆಯಲ್ಲಿ. ಹುಲ್ಲಿಲ್ಲ, ಮಂಜಿಲ್ಲ, ಕೈಗವಸಿಲ್ಲ. ಬರೀ ಹೆಸರು. ಅಮರ್. ಪಾಸ್. ಮತ್ತೆ ಅಮರ್. ಥ್ರೋ. ಈಗ ಕಾಮೆಂಟರಿ ಸುಧಾರಿಸಿದೆ ಎಂದು ಜನ ಬರೆಯುತ್ತಿದ್ದಾರೆ, ನಿಮ್ಮ ಪ್ರೊಡ್ಯೂಸರಿಗೂ ಖುಷಿಯಂತೆ. ನನಗೆ ಮಾತ್ರ ಅದು ಸಾರಿನ ಹುಳಿಗೆ ಕೈಸನ್ನೆ ಮಾಡುತ್ತಿದ್ದ ಮನುಷ್ಯನ ದನಿಯ ಹಾಗೇ ಕೇಳುತ್ತದೆ.

ಇಷ್ಟೇ ನಾನು ಹೇಳಬೇಕಿದ್ದದ್ದು. ಮಾವ ಒಬ್ಬರೇ ಹೋಗಲಿಲ್ಲ. ನಾನು ಅವರ ಪಕ್ಕದಲ್ಲೇ ಇದ್ದೆ, ಅವರ ಕಿವಿ ನಿಮ್ಮ ಹತ್ತಿರ ಇತ್ತು. ಗಾಳಿ ತಮ್ಮ ಕಡೆ ಇದೆ ಅಂದುಕೊಂಡು ಹೋದರು. ನೀವು ಖಾಲಿ ಮನೆಗೆ ಮಾತಾಡಲಿಲ್ಲ. ಬೇಕಾದರೆ ಆಂಟಿಯನ್ನು ಕೇಳಿ.

ನಾಳೆ ಸೀಸನ್ನಿನ ಕೊನೆಯ ಪಂದ್ಯ. ನೀವು ಸ್ಟುಡಿಯೋಗೆ ಹೋದ ಮೇಲೆ ಚಾಮರಾಜಪೇಟೆಗೆ ಬಂದು ಈ ಕಾಗದವನ್ನೂ ಹಿತ್ತಲ ಬೀಗದ ಕೈಯನ್ನೂ ಆಂಟಿಯ ಹತ್ತಿರ ಕೊಟ್ಟು ಹೋಗುತ್ತೇನೆ. ಬುಧವಾರ ಹನ್ನೊಂದಕ್ಕೆ ಮುಂಚೆ ಕೋರ್ಟಿನಲ್ಲಿರುತ್ತೇನೆ. ಇದರಿಂದ ನೀವು ಏನೂ ಬದಲಾಯಿಸಬೇಕಾಗಿಲ್ಲ. ಮಫ್ಲರು ಮರೆಯಬೇಡಿ, ಬಿಸಿಲಾದರೂ ಆ ಕಟ್ಟಡದಲ್ಲಿ ಎ.ಸಿ. ಜೋರು.

ಇತಿ,
ಬಿಂದುಶ್ರೀ

ಮರೆತ ಮಾತು — ಭಾನುವಾರ ಬೆಳಗ್ಗೆ:

ಕಾಗದವನ್ನು ಆಂಟಿಗೆ ಕೊಡದೆ ವಾಪಸ್ ತಂದೆ. ಬೀಗದ ಕೈಯನ್ನೂ ಕೊಡಲಿಲ್ಲ. ನಿನ್ನೆ ಸಂಜೆ ಬಂದಾಗ ಆಂಟಿ ಮನೆಯಲ್ಲಿರಲಿಲ್ಲ. ಕಾಯುವಷ್ಟು ಹೊತ್ತು ನಮ್ಮ ಮನೆಯಲ್ಲಿ, ಅಂದರೆ ನಿಮ್ಮ ಮನೆಯಲ್ಲಿ, ಕೂತಿರೋಣವೆಂದು ಹಿತ್ತಲಿನಿಂದ ಒಳಗೆ ಹೋದೆ. ಟಿವಿ ಅದರ ಜಾಗಕ್ಕೆ ಬಂದಿತ್ತು. ಮಾವನ ಕುರ್ಚಿ ಇತ್ತು. ಕೊನೆಯ ಪಂದ್ಯ ಅಲ್ಲೇ ಕೇಳೋಣವೆಂದು ಟಿವಿ ಹಾಕಿದೆ.

ಹಿಂದಿ ಮಾತಾಡುತ್ತಿತ್ತು.

ಮಾವ ಹೋದ ದಿನ ಕನ್ನಡ ಮಾಡಿದವಳು ನಾನೇ. ಕೊನೆಗೆ ಆರಿಸಿದವಳೂ ನಾನೇ. ಆಮೇಲೆ ಆ ಮನೆಯಲ್ಲಿ ಇರುವವರು ನೀವೊಬ್ಬರೇ. ಗಣಿತ ಹೇಳುವವಳಿಗೆ ಈ ಲೆಕ್ಕ ಆರು ತಿಂಗಳು ಬಿಡಿಸಲಾಗಲಿಲ್ಲ ನೋಡಿ. ಮಂಜುನಾಥ ಸರಿಯಾಗಿಯೇ ಹೇಳಿದ್ದ. ಪ್ರತಿ ಪಂದ್ಯದ ದಿನ ಮನೆ ಬಿಡುವ ಮುಂಚೆ ಹಿಂದಿ ಮಾಡಿಟ್ಟು ಹೋಗುತ್ತಿದ್ದವರು ನೀವು, ಮಾವ ನನ್ನನ್ನು ಕರೆಯಲಿ ಎಂದು. ವಾಪಸ್ ಬಂದು ಟಿವಿ ಹಾಕಿ, ಕನ್ನಡದಲ್ಲಿದ್ದರೆ ನಾನು ಬಂದಿದ್ದೆನೆಂದು ತಿಳಿದುಕೊಳ್ಳುತ್ತಿದ್ದಿರಿ. ಈಗ ಕರೆಯುವವರಿಲ್ಲದಿದ್ದರೂ, ಬೀಗದ ಕೈ ನನ್ನ ಹತ್ತಿರವೇ ಇದೆಯೆಂದು ನಿನ್ನೆಯೂ ಹಾಗೇ ಮಾಡಿಟ್ಟು ಹೋಗಿದ್ದಿರಿ. ಬಾಯಿಬಿಟ್ಟು ಒಂದು ಮಾತು ಕೇಳುವುದಕ್ಕೆ ನಿಮಗೇನು ದಾಡಿಯಾಗಿತ್ತು ಎಂದು ಮೊದಲು ಕೆಟ್ಟ ಕೋಪ ಬಂತು. ಎಷ್ಟೋ ತಿಂಗಳ ಮೇಲೆ ಬಂದ ಕೋಪ, ಬಂದದ್ದೇ ಒಳ್ಳೆಯದಾಯಿತು.

ಕನ್ನಡ ಮಾಡಿದೆ. ನೀವು ಹುಲ್ಲಿನ ಬಣ್ಣ ಹೇಳುತ್ತಿದ್ದಿರಿ. ಗೋಲ್ ಕೀಪರ್ ಬೂಟಿನ ದಾರ ಕಟ್ಟಿಕೊಳ್ಳುವುದನ್ನು ಹೇಳುತ್ತಿದ್ದಿರಿ. ಗೆದ್ದರೂ ಸೋತರೂ ಒಂದೇ ಆಗಿದ್ದ ಆ ಪಂದ್ಯದಲ್ಲಿ, ಕಣ್ಣಿಲ್ಲದವರಿಗೆ ಹೇಳುವ ಹಾಗೆ ಎಲ್ಲವನ್ನೂ ಹೇಳುತ್ತಿದ್ದಿರಿ. ನಾನು ಅಭ್ಯಾಸಬಲದಿಂದ ಕುರ್ಚಿಯ ಕಡೆ ತಿರುಗಿ ಚಿಮಣಿ ಕಡೆ ಮಾವ ಅಂದೆ. ಆಗ ಅಳು ಬಂತು. ಪಂದ್ಯ ಮುಗಿಯುವ ತನಕ ಅತ್ತೆ, ದಿಕ್ಕನ್ನೂ ಹೇಳಿದೆ. ಟಿವಿಯನ್ನು ಕನ್ನಡದಲ್ಲೇ ಬಿಟ್ಟು ಬಂದಿದ್ದೇನೆ. ಈ ಕಾಗದ ಸಿಗುವಷ್ಟರಲ್ಲಿ ನೀವದನ್ನು ನೋಡಿರುತ್ತೀರಿ.

ಮಾವ ಹೋದ ದಿನ ಟಿವಿ ಯಾವ ಭಾಷೆಯಲ್ಲಿತ್ತೆಂದು ನೋಡಲು ನಿಮಗೆ ದಾರಿಯಿರಲಿಲ್ಲ, ವೈರು ಕಿತ್ತು ಒಳಗಿಟ್ಟಿದ್ದರು. ಅದಕ್ಕೇ ಅಷ್ಟು ಜನರ ನಡುವೆ ನನ್ನನ್ನೇ ಬಂದು ಕೇಳಿದಿರಿ. ಆಮೇಲೆ ಟಿವಿ ಜೋಡಿಸಿದಾಗ ಕನ್ನಡ ಬಂದಿದ್ದರೂ, ಸಾವಿಗೆ ಬಂದವರಲ್ಲಿ ಯಾರೋ ಮಾಡಿದ್ದಾರೆ ಅಂದುಕೊಂಡಿರುತ್ತೀರಿ. ಇವಳು ಇವತ್ತೊಂದು ದಿನ ಬರಲಿಲ್ಲ, ಅಪ್ಪ ಅರ್ಥವಾಗದ ಭಾಷೆ ಕೇಳುತ್ತ ಒಬ್ಬರೇ ಹೋದರು ಎಂದು, ನಾನು ಆಡಿದ ಆ ಒಂದು ಮಾತಿನಿಂದ ಇಷ್ಟು ದಿನ ನಂಬಿಕೊಂಡಿದ್ದೀರಿ.

ಬುಧವಾರ ಜಡ್ಜ್ ನಮ್ಮನ್ನು ಕೇಳುವ ಮುಂಚೆ ನೀವು ಇನ್ನೊಂದು ಸಲ ನನ್ನನ್ನು ಕೇಳಿ, ಯಾವಾಗ ಬಂದೆ ಎಂದು. ಕೈಸನ್ನೆಯಲ್ಲಲ್ಲ, ಬಾಯಿಬಿಟ್ಟು ಕೇಳಿ. ಪಂದ್ಯ ಶುರುವಾಗುವ ಮುಂಚೆಯೇ ಬಂದಿದ್ದೆ ಕಣ್ರೀ.